ಬಲಗಿವಿಯ ಹತ್ತಿ

ಮದ್ದೂರಿನ ಬಸ್ ನಿಲ್ದಾಣದ ಎದುರು ಸೈಕಲ್ ಶಾಪಿಗೂ ಬೀಡಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಆರಡಿ ಅಗಲದ ರೇಡಿಯೋ ರಿಪೇರಿ ಅಂಗಡಿಯಿತ್ತು. ಅದರ ಯಜಮಾನ ಗೌಸ್ ಪೀರ್ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದವನೇ ರಿಪೇರಿಯಾದ ಸೆಟ್ಟುಗಳನ್ನೆಲ್ಲ ಒಟ್ಟಿಗೆ ಹಚ್ಚಿಡುತ್ತಿದ್ದ. ಒಂದು ದಿನ ಪೂರ್ತಿ ಹಾಡಿದ ಮೇಲೆಯೇ ರೇಡಿಯೋ ವಾಸಿಯಾಯಿತೆಂದು ಅವನ ನಂಬಿಕೆ. ಹಾಗಾಗಿ ಒಂದರಲ್ಲಿ ಗೊಬ್ಬರದ ಮಾತು, ಇನ್ನೊಂದರಲ್ಲಿ ವೀಣೆ, ಮತ್ತೊಂದರಲ್ಲಿ ಬರೀ ಕರಕರ. ಆ ಗದ್ದಲದ ನಡುವೆ ಕೂತೂ, ರಸ್ತೆಯಾಚೆಯಿಂದ ಯಾರಾದರೂ ಮೆಲ್ಲಗೆ ಕರೆದರೆ ಅವನು ತಲೆಯೆತ್ತುತ್ತಿದ್ದ. ಗೌಸನ ಕಿವಿ ಅಂದರೆ ಕಿವಿ ಎಂದು ಊರಿನಲ್ಲಿ ಮಾತಿತ್ತು.

ಎಪ್ಪತ್ತೊಂಬತ್ತರ ಬೇಸಿಗೆ ಅದು. ಹೆಂಡತಿ ಶರೀಫುನ್ನೀಸಾ ಚೊಚ್ಚಲ ಹೆರಿಗೆಗೆಂದು ಮಳವಳ್ಳಿಯ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಅಂಗಡಿಯಿಂದ ಮನೆಗೆ ಹೋದರೆ ಅಲ್ಲಿ ಮಾತೇ ಇರಲಿಲ್ಲ. ಆದರೆ ಅವನಿಗೆ ಅಲ್ಲಿಯೂ ಒಂದು ಸದ್ದು ಕೇಳುತ್ತಿತ್ತು, ಅರ್ಥಿಂಗ್ ಸರಿಯಿಲ್ಲದ ಸೆಟ್ಟಿನ ಗುಂಯ್‌ಗುಟ್ಟುವಿಕೆಯಂಥದ್ದು. ಅನ್ನ ಬೇಯುವಾಗಲೂ ಅದೇ, ಚಾಪೆ ಹಾಸುವಾಗಲೂ ಅದೇ. ಅದನ್ನು ಕಳೆಯಲು ಯಾವ ಸ್ಕ್ರೂ ತಿರುಗಿಸಬೇಕೋ ತಿಳಿಯುತ್ತಿರಲಿಲ್ಲ.

ಅವನು ಕಾಯುತ್ತಿದ್ದದ್ದು ಒಂದೇ ಘಳಿಗೆಗೆ. ಮಗು ಹುಟ್ಟಿದ ಮೇಲೆ ಸ್ನಾನ ಮಾಡಿಸಿ, ಅದರ ಬಲಗಿವಿಯಲ್ಲಿ ಆಜಾನ್ ಹೇಳುತ್ತಾರೆ. ಲೋಕದ ಬೇರೆಲ್ಲ ಮಾತಿಗಿಂತ ಮೊದಲು ಆ ಮಾತು. ಗೌಸನ ಕಿವಿಯಲ್ಲಿ ಅದನ್ನು ಯಾರು ಹೇಳಿದ್ದರೋ ಗೊತ್ತಿಲ್ಲ. ಅಪ್ಪ ಅಮ್ಮ ಇಬ್ಬರೂ ಅವನಿಗೆ ತಿಳಿವಳಿಕೆ ಬರುವ ಮುಂಚೆ ಹೋಗಿದ್ದರು. ಸಾಕಿದ ಚಿಕ್ಕಮ್ಮನನ್ನು ಒಮ್ಮೆ ಕೇಳಿದಾಗ ಆಕೆ ಅಕ್ಕಿ ಆರಿಸುತ್ತ, ಯಾರೋ ಹೇಳಿರುತ್ತಾರೆ ಬಿಡು ಎಂದಿದ್ದಳು. ಆ ‘ಯಾರೋ’ ಅವನೊಳಗೆ ಮುಳ್ಳಾಗಿ ಉಳಿದಿತ್ತು. ತನ್ನ ಮಗುವಿಗೆ ಹಾಗಾಗಕೂಡದು. ಶರೀಫುನ್ನೀಸಾ ಬಸ್ಸು ಹತ್ತುವಾಗ, ನೀವು ಬರುವ ತನಕ ಯಾರಿಗೂ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಇವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ರಿಪೇರಿಗೆ ಬಂದಿದ್ದ ಯಾರದೋ ಟೇಪ್ ರೆಕಾರ್ಡರಿನಲ್ಲಿ ತನ್ನ ಆಜಾನನ್ನು ಮುದ್ರಿಸಿ ಕೇಳಿದ್ದ. ದನಿ ತುಸು ತೆಳ್ಳಗಿದೆ ಅನ್ನಿಸಿತು. ಎದೆಯಿಂದ ಹೇಳುವುದನ್ನು ಅಭ್ಯಾಸ ಮಾಡಿಕೊಂಡ.

ಸುದ್ದಿ ಬರಬೇಕಾಗಿದ್ದದ್ದು ಕರಿಯಪ್ಪನಿಂದ. ಮಳವಳ್ಳಿ ಬಸ್ಸಿನ ಕಂಡಕ್ಟರ್ ಅವನು. ಆ ರಸ್ತೆಯಲ್ಲಿ ಹುಟ್ಟು, ಸಾವು, ಮರೆತುಹೋದ ಕನ್ನಡಕ, ಔಷಧಿಯ ಸೀಸೆ ಎಲ್ಲ ಕಂಡಕ್ಟರರ ಕೈಯಲ್ಲೇ ಓಡಾಡುತ್ತಿದ್ದವು. ಕಾಗದ ಹಾಕಿದರೆ ಮೂರು ದಿನ, ಕರಿಯಪ್ಪನಿಗೆ ಹೇಳಿದರೆ ಒಂದೂಕಾಲು ಗಂಟೆ. ಹನ್ನೊಂದರ ಬಸ್ಸು ಬಂದು ನಿಂತರೆ ಗೌಸ್ ಕಿಟಕಿಯಿಂದಲೇ ಹುಬ್ಬೇರಿಸುತ್ತಿದ್ದ, ಕರಿಯಪ್ಪ ಇಲ್ಲ ಎಂದು ಕೈಯಾಡಿಸುತ್ತಿದ್ದ. ಹತ್ತು ದಿನ ಹೀಗೇ ನಡೆಯಿತು.

ಹನ್ನೊಂದನೆಯ ದಿನ, ಗುರುವಾರ, ಗಣಿತದ ಮೇಷ್ಟ್ರು ಸಂಪತ್ ಕುಮಾರ್ ಬಂದರು. ಕೈಯಲ್ಲಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಬಿಳಿ ಪ್ಲಾಸ್ಟಿಕ್ಕಿನ ವಸ್ತು. ಹಡಗಿನಲ್ಲಿ ಕೆಲಸ ಮಾಡುವ ಅವರ ಭಾವಮೈದ ಯಾವುದೋ ದೇಶದ ಬಂದರಿನಿಂದ ಇವರ ಮಗಳಿಗೆಂದು ತಂದುಕೊಟ್ಟ ಆಟವಂತೆ, ಕೆಳಗೆ ಬಿದ್ದು ನಿಂತುಹೋಗಿದೆಯಂತೆ. ಮೇಷ್ಟ್ರು ವಿವರಿಸಿದರು. ಕಪ್ಪು ಗಾಜಿನ ಮೇಲಿನಿಂದ ಕೆಂಪು ಗೆರೆಗಳು ಇಳಿದು ಬರುತ್ತವೆ, ಅವು ಎದುರಿನ ಗಾಡಿಗಳು. ಅಡಿಯಲ್ಲಿರುವ ಗೆರೆ ನಾವು. ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಎಡಕ್ಕೆ ಬಲಕ್ಕೆ ತಳ್ಳುತ್ತ ತಪ್ಪಿಸಿಕೊಳ್ಳಬೇಕು. ಒಂದು ತಪ್ಪಿಸಿಕೊಂಡರೆ ಒಂದು ಅಂಕ. ಹೋಗುತ್ತ ಹೋಗುತ್ತ ವೇಗ ಹೆಚ್ಚುತ್ತದೆ.

“ತೊಂಬತ್ತೊಂಬತ್ತು ಮುಟ್ಟಿದರೆ ಒಂದು ರಾಗ ನುಡಿಯುತ್ತಂತೆ,” ಎಂದರು ಮೇಷ್ಟ್ರು. “ನಾನು ಅರವತ್ತೊಂದು ದಾಟಿಲ್ಲ.” ಆಮೇಲೆ ನೆನಪಾದವರಂತೆ, “ಅಂದರೆ, ನಮ್ಮ ಹುಡುಗಿ ದಾಟಿಲ್ಲ,” ಎಂದರು.

ಬಿಚ್ಚಿ ನೋಡಿದರೆ ಬ್ಯಾಟರಿಯ ತಂತಿಯೊಂದು ಕಿತ್ತುಬಂದಿತ್ತು, ಅಷ್ಟೇ. ಒಂದು ಚುಕ್ಕೆ ಬೆಸುಗೆ, ಎರಡು ನಿಮಿಷದ ಕೆಲಸ. ಆದರೆ ಒಳಗೆ ನಡುವೆ ಕೂತಿದ್ದ ಕಪ್ಪು ತುಂಡನ್ನು ಅವನು ಬಹಳ ಹೊತ್ತು ನೋಡಿದ. ಸಾಲುಕಾಲಿನ ಹುಳದಂಥ ಒಂದೇ ಒಂದು ತುಂಡು. ವಾಲ್ವಿನ ಸೆಟ್ಟಾದರೆ ದೀಪದ ಬಣ್ಣ ನೋಡಿ ರೋಗ ಹೇಳುತ್ತಿದ್ದವನು ಅವನು. ಇದರೊಳಗೆ ಏನು ನಡೆಯುತ್ತದೆಂದು ತಿಳಿಯಲು ದಾರಿಯೇ ಇರಲಿಲ್ಲ. ಬ್ಯಾಟರಿ ಸತ್ತಿದ್ದರಿಂದ ಬೆಂಚಿನ ಮೇಲಿನ ಎಲಿಮಿನೇಟರಿನ ತಂತಿ ಸಿಕ್ಕಿಸಿದ. ಇನ್ನು ಮೇನ್ ಲೈನಿನ ಕರೆಂಟು ಇರುವ ತನಕ ಅದಕ್ಕೆ ಸಾವಿಲ್ಲ. ಪರೀಕ್ಷೆಗೆಂದು ಒಮ್ಮೆ ಆಡಿದ. ಹದಿನಾಲ್ಕು. ಮತ್ತೊಮ್ಮೆ. ಇಪ್ಪತ್ತಮೂರು.

ತಲೆಯೆತ್ತಿದಾಗ ಎದುರಿನ ಹೋಟೆಲಿನವರು ಮಧ್ಯಾಹ್ನದ ಎಲೆಗಳನ್ನು ಹೊರಗೆ ಸುರಿಯುತ್ತಿದ್ದರು. ಹನ್ನೊಂದರ ಬಸ್ಸು ಬಂದದ್ದೂ ಹೋದದ್ದೂ ಅವನಿಗೆ ಗೊತ್ತಾಗಿರಲಿಲ್ಲ.

ಮರುದಿನ ಮೇಷ್ಟ್ರು ಬಂದಾಗ, ಒಂದು ಪಾರ್ಟು ಬೆಂಗಳೂರಿನಿಂದ ಬರಬೇಕು ಎಂದ. ಅವನು ಗಿರಾಕಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ಶನಿವಾರವೂ ಅದನ್ನೇ ಹೇಳಿದ. ಆದರೆ ಅಂದು ಬೆಂಚಿನ ಮೇಲೆ ಹರಡಿದ್ದ ಪತ್ರಿಕೆಯ ಅಡಿಯಿಂದ ಕೆಂಪು ಬೆಳಕು ಮಿನುಗುತ್ತಿತ್ತು. ಮೇಷ್ಟ್ರು ಅದನ್ನು ನೋಡಿದರು, ರಸ್ತೆಯ ಕಡೆ ತಿರುಗಿದರು, ಆಮೇಲೆ ದನಿ ತಗ್ಗಿಸಿ ಕೇಳಿದರು.

“ಎಷ್ಟು?”

“ಎಪ್ಪತ್ತೆರಡು.”

“ಎಡಗಡೇಲೇ ನಿಂತ್ಕೋತೀರೋ, ನಡುವೆಯೋ?”

“ನಡುವೆ ನಿಂತ್ರೆ ಎರಡು ಕಡೆ ದಾರಿ ಇರ್ತದೆ ಮೇಷ್ಟ್ರೇ.”

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. ಒಂದು ಗಂಟೆ ಇಬ್ಬರೂ ಸರದಿಯ ಮೇಲೆ ಆಡಿದರು, ಒಬ್ಬರ ಮುಖ ಒಬ್ಬರು ನೋಡದೆ. ಎದ್ದು ಹೋಗುವಾಗ ಮೇಷ್ಟ್ರು, ಪಾರ್ಟು ನಿಧಾನವಾಗಿಯೇ ಬರಲಿ, ಮನೆಯಲ್ಲಿದ್ದರೆ ಪರೀಕ್ಷೆಯ ಪೇಪರು ತಿದ್ದಲಾಗುವುದಿಲ್ಲ ಎಂದರು. ತಮಾಷೆಗೆ ಹೇಳಿದಂತಿರಲಿಲ್ಲ.

ಗೌಸ್ ರೇಡಿಯೋಗಳನ್ನು ಹಚ್ಚುವುದನ್ನು ಬಿಟ್ಟ. ಅವುಗಳ ಸದ್ದಿನಲ್ಲಿ ಆಟದ ಪೀಪ್ ಪೀಪ್ ಸರಿಯಾಗಿ ಕೇಳುತ್ತಿರಲಿಲ್ಲ, ಗೆರೆ ಯಾವಾಗ ಇಳಿಯುತ್ತದೆಂದು ಅವನು ಕಣ್ಣಿಗಿಂತ ಮೊದಲು ಆ ಸದ್ದಿನಿಂದ ಹಿಡಿಯುತ್ತಿದ್ದ. ಗೆರೆಗಳು ಇಳಿಯುತ್ತಿದ್ದಷ್ಟು ಹೊತ್ತು ಗುಂಯ್‌ಗುಟ್ಟುವಿಕೆ ಇರಲಿಲ್ಲ. ಗೆರೆಗೆ ಗೆರೆ ಬಡಿದು ಆಟ ನಿಂತ ಕೂಡಲೇ ಮತ್ತೆ ಅದು, ಮೊದಲಿಗಿಂತ ಜೋರಾಗಿ. ಹಾಗಾಗಿ ನಿಲ್ಲಿಸುವಂತಿರಲಿಲ್ಲ. ಕರಿಯಪ್ಪನ ಕಡೆ ಹುಬ್ಬೇರಿಸುವುದೂ ತಪ್ಪಿಹೋಯಿತು. ಅದು ತಪ್ಪಿದ್ದು ಅವನಿಗೆ ತಿಳಿಯಲೂ ಇಲ್ಲ.

ಮಂಗಳವಾರ ಬೆಳಿಗ್ಗೆ ಅವನು ಎಂಬತ್ತನ್ನು ದಾಟಿದ. ಅಲ್ಲಿಂದಾಚೆಗೆ ಗೆರೆಗಳನ್ನು ನೋಡುವುದಕ್ಕೆ ಆಗುವುದಿಲ್ಲ, ಹೆಬ್ಬೆರಳು ತಾನಾಗಿ ಹೋಗಬೇಕು. ಎಂಬತ್ತೆಂಟು. ಕಿಟಕಿಗೆ ಯಾರೋ ಬಂದು ನಿಂತರು, ಬೆಂಚಿನ ಮೇಲೆ ನೆರಳು ಬಿತ್ತು. ತೊಂಬತ್ತು. ಯಾರೋ ಮಾತಾಡುತ್ತಿದ್ದರು. ತೊಂಬತ್ತಮೂರು. “ಹ್ಞೂಂ, ಆಯ್ತು,” ಎಂದ ಗೌಸ್, ನೆರಳು ಸರಿಯಲಿ ಎಂದು. ನೆರಳು ಸರಿಯಿತು. ತೊಂಬತ್ತೇಳು. ತೊಂಬತ್ತೊಂಬತ್ತು.

ಆಟ ತಾನಾಗಿ ನಿಂತಿತು. ಗಾಜಿನ ಮೇಲಿನ ಗೆರೆಗಳೆಲ್ಲ ಒಮ್ಮೆಗೇ ಹೊತ್ತಿದವು. ಐದು ಸ್ವರಗಳು ಬಂದವು, ಎರಡು ಮೇಲಕ್ಕೆ, ಮೂರು ಕೆಳಕ್ಕೆ. ತಗಡಿನ ಸೀಟಿಯಲ್ಲಿ ಊದಿದ ಹಾಗೆ. ಅಷ್ಟೇ. ಆದರೆ ಅವನ ಮೈ ಜುಂ ಎಂದಿತು. ಅವೇ ಸ್ವರಗಳನ್ನು ತಲೆಯೊಳಗೆ ಮತ್ತೆ ಮತ್ತೆ ನುಡಿಸಿಕೊಂಡು, ಎಷ್ಟೋ ಹೊತ್ತಿನ ಮೇಲೆ ಯಾರಿಗಾದರೂ ಹೇಳಬೇಕೆಂದು ತಲೆಯೆತ್ತಿದ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಮಳವಳ್ಳಿಯ ಬಸ್ಸು ತಿರುವಿನಲ್ಲಿ ಧೂಳೆಬ್ಬಿಸುತ್ತ ಮರೆಯಾಗುತ್ತಿತ್ತು. ಇನ್ನೊಮ್ಮೆ ಕೇಳೋಣವೆಂದು ಗುಂಡಿ ಒತ್ತಿದ.

ಬುಧವಾರ ಹನ್ನೊಂದಕ್ಕೆ ಕರೆಂಟು ಹೋಯಿತು. ಮೂವತ್ತಾರರಲ್ಲಿ ಗಾಜು ಕಪ್ಪಾಯಿತು. ಆ ನಿಶ್ಶಬ್ದದಲ್ಲಿ ಹೊರಗಿನ ಲೋಕ ಒಮ್ಮೆಗೇ ಒಳಗೆ ಬಂತು. ಬಸ್ಸಿನ ಬ್ರೇಕು, ಸೌತೆಕಾಯಿ ಮಾರುವವಳ ಕೂಗು, ಕರಿಯಪ್ಪನ ಸೀಟಿ. ಕರಿಯಪ್ಪ ಬಸ್ಸಿನಿಂದಿಳಿದು, ಇವನನ್ನು ಕಂಡು, ನಡು ರಸ್ತೆಯಲ್ಲೇ ನಿಂತುಬಿಟ್ಟ.

“ಏನ್ ಗೌಸಣ್ಣ, ಇಲ್ಲೇ ಇದ್ದೀಯಲ್ಲ? ಓಗ್ಲಿಲ್ವಾ?”

“ಎಲ್ಲಿಗೆ?”

ಕರಿಯಪ್ಪ ಕಿಟಕಿಯ ಹತ್ತಿರ ಬಂದ. “ನಿನ್ನೆ ಇದೇ ಕಿಟಕೀಲಿ ನಿಂತ್ಕಂಡು ಏಳ್ಲಿಲ್ವೇನಣ್ಣ ನಾನು? ಎಣ್ಣು ಮಗು. ತಾಯಿ ಮಗು ಇಬ್ರೂ ಚೆನ್ನಾಗವ್ರೆ. ಇದೇ ಬಸ್ಸಿಗೆ ಬರ್ಬೇಕಂತೆ, ಕಿವೀಲಿ ಏಳೋಕೆ ನಿನ್ನೇ ಕಾಯ್ತಾವ್ರಂತೆ ಅಂತ ಒಂದೊಂದಾಗಿ ಏಳ್ದೆ. ನೀನು ‘ಹ್ಞೂಂ, ಆಯ್ತು’ ಅಂದ್ಯಲ್ಲ. ಬೀಗ ಹಾಕ್ಕಂಡು ಬತ್ತಾನೆ ಅಂತ ಡ್ರೈವರಿಗೆ ಏಳಿ ಐದು ನಿಮ್ಸ ಬಸ್ಸು ನಿಲ್ಸಿದ್ದೆ ಕಣಣ್ಣ.”

ಗೌಸ್ ಎದ್ದು ನಿಂತ. ಕೇಳಲಿಲ್ಲ ಎಂದು ಹೇಳಲು ಬಾಯಿ ತೆರೆದ. ತನ್ನ ಕಿವಿಗೆ ಕೇಳಲಿಲ್ಲ ಎಂದರೆ ಆ ಬೀದಿಯಲ್ಲಿ ಯಾರು ನಂಬುತ್ತಾರೆ?

ಅದೇ ಬಸ್ಸು ಹತ್ತಿದ. ಕರಿಯಪ್ಪ ಬಂದು ಟಿಕೆಟ್ಟು ಹರಿದುಕೊಟ್ಟ, ಮಾತಾಡಿಸಲಿಲ್ಲ. ಕಬ್ಬಿನ ಗದ್ದೆಗಳು ಎರಡೂ ಕಡೆ ಹಿಂದಕ್ಕೆ ಓಡುತ್ತಿದ್ದವು. ಎದುರಿನಿಂದ ಗಾಡಿಗಳು ಬರುತ್ತಿದ್ದವು. ಎತ್ತಿನ ಗಾಡಿ, ಲಾರಿ, ಮತ್ತೊಂದು ಲಾರಿ. ಡ್ರೈವರು ಬಲಕ್ಕೆಳೆದು ಎಡಕ್ಕೆಳೆದು ತಪ್ಪಿಸಿಕೊಳ್ಳುತ್ತಿದ್ದ. ನಡುವೆ ನಿಲ್ಲಬೇಕು ಎಂದು ಗೌಸನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿದರೆ ಕೆಂಪು ಗೆರೆಗಳು ಇಳಿಯುತ್ತಲೇ ಇದ್ದವು.

ಮಳವಳ್ಳಿಯ ಮನೆಯಲ್ಲಿ ಮಾವ ಮಕ್ಸೂದ್ ಸಾಹೇಬರು ಜಗಲಿಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಅಳಿಯನನ್ನು ಕಂಡು ಎದ್ದು ಅಪ್ಪಿಕೊಂಡರು. ಒಂದು ಮಾತು ಕೇಳಲಿಲ್ಲ. ಅತ್ತೆ ಬೀಬಿ ಜಾನ್ ತಂದಿಟ್ಟ ಶರಬತ್ತು ಕುಡಿಯುವಾಗ ಮಾವನೇ ಕೆಮ್ಮುತ್ತ ದಾರಿ ಮಾಡಿಕೊಟ್ಟರು. ಆ ಕಂಡಕ್ಟರು ಪಾಪ ಮರೆತಿರಬೇಕು, ದಿನಕ್ಕೆ ನೂರು ಜನರ ಸುದ್ದಿ ಹೊರುವವನು ಎಂದರು.

ಗೌಸ್ ಲೋಟದೊಳಗೆ ನೋಡುತ್ತ, “ಹ್ಞೂಂ,” ಎಂದ.

ಕಾದು ಕಾದು ಸಂಜೆಯಾಯಿತು, ಕೊನೆಯ ಬಸ್ಸೂ ಬಂದುಹೋಯಿತು, ಇನ್ನು ತಡ ಮಾಡಬಾರದೆಂದು ಮಗುವಿನ ಕಿವಿಯಲ್ಲಿ ಆಜಾನನ್ನು ನಾನೇ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ ಎಂದರು ಮಾವ. ತಂಬಾಕಿನಿಂದ ಒಡೆದ ದನಿ ಅವರದು. ನೀನು ತಂದೆ, ನೀನೂ ಒಂದು ಸಲ ಹೇಳು, ತಪ್ಪೇನಿಲ್ಲ ಎಂದೂ ಸೇರಿಸಿದರು.

ಒಳಗಿನ ಕೋಣೆಯ ಕಿಟಕಿ ಬೀದಿಗಿತ್ತು. ಶರೀಫುನ್ನೀಸಾ ಅದರ ಪಕ್ಕದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು, ಮಗು ತೊಡೆಯ ಮೇಲಿತ್ತು. ಅವಳು ಅಳಲಿಲ್ಲ, ಮುಖ ತಿರುಗಿಸಲಿಲ್ಲ. ಅವನು ಕೂತ ಮೇಲೆ ಹೊರಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದಳು.

“ನಿನ್ನೆ ಸಂಜೆ ಬಸ್ಸು ನಿಲ್ಲಿಸಿ ಕರಿಯಪ್ಪ ಈ ಕಿಟಕಿಗೆ ಬಂದಿದ್ದ. ಹೇಳಿದೀನಿ ಕಣಮ್ಮ, ಆಯ್ತು ಅಂದ್ರು ಅಂದ. ಅಬ್ಬಾಗೆ ನಾನು ಹೇಳಿಲ್ಲ.”

ಅವಳು ದಿಂಬಿನ ಅಡಿಯಿಂದ ಏನನ್ನೋ ತೆಗೆದು ಅವನ ಅಂಗೈಯಲ್ಲಿಟ್ಟಳು. ಹತ್ತಿಯ ಎರಡು ಚಿಕ್ಕ ಉಂಡೆಗಳು, ಕಡಲೆಕಾಳಿನಷ್ಟು. “ಬೀದಿಯಲ್ಲಿ ಲಾರಿ ಹೋಗುತ್ತೆ, ನಾಯಿ ಕೂಗುತ್ತೆ, ಅಮ್ಮಿ ಪಾತ್ರೆ ಬೀಳಿಸ್ತಾಳೆ. ನಿಮ್ಮ ದನಿಗಿಂತ ಮುಂಚೆ ಅದೆಲ್ಲ ಕೇಳದಿರಲಿ ಅಂತ ಸ್ನಾನ ಮಾಡಿಸಿದ ಕೂಡಲೇ ಕಿವಿಗೆ ಇಟ್ಟಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ನಾನೂ ಇವಳ ಹತ್ತಿರ ಮಾತಾಡಲಿಲ್ಲ.”

ಅವನ ಬೆಂಚಿನ ಮೇಲೂ ಇಂಥ ಹತ್ತಿ ಇರುತ್ತಿತ್ತು, ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಹೆಡ್ಡು ಒರೆಸಲು. ಉಂಡೆಗಳಿಗೆ ಭಾರವೇ ಇರಲಿಲ್ಲ. ಎಲ್ಲಿಡಬೇಕೋ ತಿಳಿಯದೆ ಅಂಗಿಯ ಜೇಬಿನಲ್ಲಿ ಹಾಕಿಕೊಂಡ.

ಶರೀಫುನ್ನೀಸಾ ಮಗುವನ್ನು ಎತ್ತಿ ಅವನ ಕೈಗೆ ಕೊಟ್ಟಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು, ನಿದ್ದೆಯಲ್ಲಿತ್ತು. ಬಲಗಿವಿ ಮೇಲಾಗುವಂತೆ ಅವನು ಅದನ್ನು ತಿರುಗಿಸಿ ಹಿಡಿದ. ಅಷ್ಟು ಚಿಕ್ಕ ಕಿವಿಯನ್ನು ಅವನು ನೋಡಿರಲಿಲ್ಲ. ಬಗ್ಗಿದ. ಮಾತುಗಳೆಲ್ಲ ಬಾಯಲ್ಲೇ ಇದ್ದವು, ಎದೆಯಿಂದ ಹೇಳುವುದು ಹೇಗೆಂದೂ ಗೊತ್ತಿತ್ತು. ಉಸಿರು ಎಳೆದುಕೊಂಡ. ಆಗ ತಲೆಯೊಳಗೆ ಆ ಐದು ಸ್ವರಗಳು ಬಂದವು, ಎರಡು ಮೇಲಕ್ಕೆ, ಮೂರು ಕೆಳಕ್ಕೆ. ಅವು ಮುಗಿಯಲಿ ಎಂದು ಕಾದ. ಮುಗಿದವು, ಮತ್ತೆ ಮೊದಲಿನಿಂದ ಶುರುವಾದವು. ಇವುಗಳ ಮೇಲೆಯೇ ಆಜಾನನ್ನು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಇನ್ನೊಂದು ಸಲ ಕಾಯೋಣ ಎಂದುಕೊಂಡ. ಹೊರಗೆ ಮಾವನ ಹೊಲಿಗೆ ಯಂತ್ರ ನಿಂತಿತ್ತು, ಅವರೂ ಕಿವಿಗೊಟ್ಟಿರಬೇಕು.

ಬಗ್ಗಿದವನು ಬಗ್ಗಿಯೇ ಇದ್ದ. ಶರೀಫುನ್ನೀಸಾ ಅವನ ತುಟಿಯನ್ನು ನೋಡುತ್ತಿದ್ದವಳು ಸ್ವಲ್ಪ ಹೊತ್ತಿಗೆ ದೃಷ್ಟಿಯನ್ನು ಕೆಳಗಿಳಿಸಿದಳು. ಅವಳು ಏನನ್ನು ನೋಡುತ್ತಿದ್ದಾಳೆಂದು ತಿಳಿಯದೆ ಅವನೂ ಅತ್ತ ನೋಡಿದ. ಮಗುವಿನ ಬೆನ್ನಿನ ಬಟ್ಟೆಯ ಮೇಲೆ ಅವನ ಹೆಬ್ಬೆರಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸರಿಯುತ್ತಿತ್ತು.