ಗಿರಣಿಗೆ ಹೋದವರು

“ಏ ರಂಡೇ, ಹಿಂದಕ ಸರಿ! ನಿನ್ನ ನೆಳ್ಳ ಕಾಗದದ ಮ್ಯಾಲ ಬೀಳಾಕತ್ತೈತಿ.”

ಗುರುಲಿಂಗಪ್ಪ ಗೌಡ ಚಾವಡಿಯ ಕಟ್ಟೆಯಿಂದಲೇ ಕೂಗಿದ. ಕಾಶೆವ್ವ ಸರಿದು ಬಿಸಿಲಿಗೆ ನಿಂತಳು. ೧೯೨೧ರ ಜನಗಣತಿ ಮುಗಿದಿತ್ತು. ಬೆಳಗಾವಿಯಿಂದ ಬಂದ ಸಾಹೇಬ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಊರು ಬಿಟ್ಟರು ಎಂದು ಕಾಗದ ತಪಾಸು ಮಾಡುತ್ತಿದ್ದ. ವಾಂತಿಭೇದಿಯಿಂದ ಬಹಳ ಜನ ಸತ್ತ ಕೇರಿಗೆ ಸರಕಾರ ಬೇರೆ ಬಾವಿ ತೋಡಿಸುತ್ತದೆಂದು ಸುದ್ದಿಯಿತ್ತು.

ಹೊಲಗೇರಿಯವರು ಕುಡಿಯುತ್ತಿದ್ದುದು ಎಮ್ಮೆ ಮೀಯುವ ಹಳ್ಳದ ನೀರು. ಹೋದ ಬೇಸಿಗೆಯಲ್ಲಿ ಅದರಿಂದ ಬಂದ ವಾಂತಿಭೇದಿ ಹತ್ತೊಂಬತ್ತು ಜನರನ್ನು ಒಯ್ದಿತ್ತು. ಕಾಶೆವ್ವನ ಗಂಡ ಲಗಮಪ್ಪ, ಇಬ್ಬರು ಹೆಣ್ಣುಮಕ್ಕಳೂ ಅದರಲ್ಲಿದ್ದರು. ಕೇರಿಯ ಎಣಿಕೆ ಬರೆದವನು ಅವಳ ಮೈದುನ ಸತ್ತೆಪ್ಪ. ಅವನನ್ನು ಹುಕ್ಕೇರಿಯಲ್ಲಿ ಓದಿಸಲು ಆರು ವರ್ಷ ಗೌಡನ ಮನೆಯ ಸೆಗಣಿ ಬಾಚಿದವಳು ಅವಳೇ.

ಸಾಹೇಬ ಓದಿದ: “ವಾಂತಿಭೇದಿಯಿಂದ ಸತ್ತವರು ಇಬ್ಬರು. ಗೋಕಾಕದ ನೂಲಿನ ಗಿರಣಿ ಕೆಲಸಕ್ಕ ಹೋದವರು ಹದಿನೇಳು.”

“ಯಾರ್ ಹೋಗ್ಯಾರ್ರಿ ಯಪ್ಪಾ?” ಕಾಶೆವ್ವ ಕೇಳಿದಳು.

“ಲಗಮಪ್ಪ. ಅವನ ಮಕ್ಕಳು ಸುಂದ್ರವ್ವ, ಎಂಟು ವರ್ಷ, ಮಾಯವ್ವ, ಮೂರು ವರ್ಷ…”

ಕಾಶೆವ್ವ ಕಟ್ಟೆಯ ಹತ್ತಿರಕ್ಕೆ ಬಂದಳು. “ಮೂರ ವರ್ಸದ ಕೂಸ ಗಿರಣ್ಯಾಗ ಏನ ಕೆಲಸ ಮಾಡ್ತೈತ್ರಿ?”

“ಬಾಯಿ ಮುಚ್ಚಲೇ!” ಗೌಡ ಗದರಿದ. “ಬರದಾಂವ ನಿಮ್ಮಾಂವನ ಅದಾನ.”

ಚಾವಡಿಯ ಮೂಲೆಯಲ್ಲಿ ನಿಂತಿದ್ದ ಮೈದುನನ ಕಡೆ ಅವಳು ತಿರುಗಿದಳು. “ಸತ್ತೆಪ್ಪಾ, ನಿಮ್ಮಣ್ಣನ ಹೆಣಾ ಹೊತ್ತಾಂವ ನೀನ. ಮಾಯವ್ವನ ಕುಣಿಗೆ ಮಣ್ಣ ಎಳದಾಂವ ನೀನ.”

ಸತ್ತೆಪ್ಪ ತಲೆ ಎತ್ತಲಿಲ್ಲ. “ಯಕ್ಕಾ, ಬಾವಿ ತೋಡಿದ್ರ ಗೌಡ್ರ ಹೊಲಾನ ಹೋಗ್ತಿತ್ತ. ಸತ್ತವ್ರನ್ನ ಊರ ಬಿಟ್ಟಾರಂತ ಬರದ್ರ ನನಗ ಚಾವಡಿ ನೌಕರಿ ಕೊಡಸ್ತೇನಂದ್ರು…”

“ಥೂ, ನಿನ್ನ ಬಾಯಾಗ ನನ್ನ ಮಕ್ಕಳ ಮಣ್ಣ ಬೀಳ್ಲಿ.”

ಸಾಹೇಬ ಕಾಗದ ಮಡಚಿದ. “ಬರದದ್ದಷ್ಟ ನಾ ನೋಡೂದು,” ಎಂದು ಟಾಂಗಾ ಹತ್ತಿದ.

ಕಾಶೆವ್ವ ಓಡಿಹೋಗಿ ಕುದುರೆಯ ಲಗಾಮಿಗೆ ಜೋತುಬಿದ್ದಳು. “ಇಳೀರಿ ಸಾಹೇಬ್ರ! ಹಳ್ಳದ ದಂಡ್ಯಾಗ ಅದಾರ ಎಲ್ಲಾರೂ. ನಾನ ಅಗದ ತೋರಸ್ತೇನಿ. ಎಣಿಸಿ ಬರ್ಕೋರಿ!”

ಗೌಡನ ಬಾರುಕೋಲು ಅವಳ ಬೆನ್ನ ಮೇಲೆ ಬಿತ್ತು. ಅವಳು ಬಿಡಲಿಲ್ಲ. ಇನ್ನೊಂದು ಬಿತ್ತು. ಕೇರಿಯ ಹೆಂಗಸರು ಬಂದು ಟಾಂಗಾದ ಮುಂದೆ ಧೂಳಿನಲ್ಲಿ ಕುಳಿತರು. ಅವರನ್ನು ಮುಟ್ಟಿ ಎಳೆಯುವ ಹಾಗಿರಲಿಲ್ಲ ಗೌಡನಿಗೆ.

“ಸತ್ತ್ಯಾ, ಬಿಡಸೋ ಆಕಿನ್ನ!”

ಸತ್ತೆಪ್ಪ ಬಂದು ಅತ್ತಿಗೆಯ ಬೆರಳುಗಳನ್ನು ಲಗಾಮಿನಿಂದ ಒಂದೊಂದಾಗಿ ಬಿಡಿಸತೊಡಗಿದ. ಅವನು ಒಂದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಮತ್ತೆ ಬಿಗಿಯುತ್ತಿತ್ತು.