ಯಾರ ಪೈಕಿಯಮ್ಮಾ ನೀನು?

ಎಲ್ಲಿಂದ ಶುರು ಮಾಡಲಿ? ಷಿಕಾಗೋದ ಸರೋವರದಿಂದ ಶುರು ಮಾಡಿ ಒಂದು ಪುಟ ಬರೆದೆ. ನೀರು, ಗಾಳಿ, ಮುಗಿಲು ಮುಟ್ಟುವ ಕಟ್ಟಡಗಳು, ಕಿಟಕಿಯಲ್ಲಿ ಒಂಟಿ ಹೆಂಗಸು. ಓದಿ ನೋಡಿದರೆ ಥೇಟ್ ಕ್ಯಾಲೆಂಡರ್ ಚಿತ್ರ. ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಹರಿಯುವುದು ಹೇಗೆ ಎಂದು ಕೇಳಬೇಡಿ. ಕಥೆಗಾರರಾದವರು ಹರಿಯಲೇಬೇಕು.)

ಅದೇ ಷಿಕಾಗೋದ ಒಂದು ಆಸ್ಪತ್ರೆಯ ಲಿಫ್ಟಿನಿಂದ ಶುರು ಮಾಡೋಣ. ವೆಲ್ಡಾ ಸ್ಟಿಡಮ್, ಐವತ್ತು ದಾಟಿದ ನರ್ಸು, ಕೆಂಟಕಿಯ ಬೆಟ್ಟದೂರಿನವಳು. ಲಿಫ್ಟಿಗೆ ಕಾಲಿಟ್ಟವಳೇ ಒಳಗಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಗುಡ್ ಮಾರ್ನಿಂಗ್ ಹೇಳಿದಳು. ಒಬ್ಬ ಮಾತ್ರ ಕಿವಿಯಿಂದ ಇಯರ್‌ಫೋನ್ ಕಿತ್ತು, ತನ್ನಿಂದ ಏನಾದರೂ ತಪ್ಪಾಯಿತೇ ಎಂಬಂತೆ ನೋಡಿದ. ಉಳಿದವರು ತಲೆ ಎತ್ತಲಿಲ್ಲ.

2.

(1 ಎಲ್ಲಿ ಎನ್ನುವಿರಾ? ಹರಿದೆನಲ್ಲ.) ವೆಲ್ಡಾಳ ಊರಿನ ಆಸ್ಪತ್ರೆ ಹೆರಿಗೆ ವಾರ್ಡಿಗೆ ಬೀಗ ಜಡಿಯಿತು. ಊರಿನ ಅರ್ಧ ಮಕ್ಕಳು ಭೂಮಿಗೆ ಬಂದದ್ದು ಅವಳ ಕೈಮೇಲೆ. ಆ ಕೈಗೆ ಈಗ ಊರಲ್ಲಿ ಕೆಲಸವಿಲ್ಲ. ಹಾಗಾಗಿ ಟ್ರಾವೆಲ್ ನರ್ಸ್ ಆದಳು. ಏಜೆನ್ಸಿ ಕಳಿಸಿದ ಊರಿಗೆ ಹೋಗಿ, ಹದಿಮೂರು ವಾರ ದುಡಿದು, ಮತ್ತೆ ಗಂಟುಮೂಟೆ ಕಟ್ಟುವುದು. ಮಗಳು ಡ್ರೀಮಾ ಬಸುರಿ. ಇಲ್ಲಿನ ಹದಿಮೂರು ವಾರದ ಕರಾರು ಮುಗಿದ ಮೇಲೇ ಹೆರಿಗೆ ಎಂದು ಡಾಕ್ಟರು ಹೇಳಿದ್ದರಿಂದಲೇ ವೆಲ್ಡಾ ಬರಲು ಒಪ್ಪಿದ್ದು. ತನ್ನ ಮೊಮ್ಮಗುವನ್ನು ಮೊದಲು ಮುಟ್ಟುವ ಕೈ ತನ್ನದೇ ಆಗಿರಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

"ಅಲ್ಲಾ ಕಥೆಗಾರ್ರೇ, ನನ್ನನ್ಯಾಕೆ ಇಷ್ಟು ದೂರ ತಂದು ಹಾಕಿದ್ರಿ? ನಮ್ಮೂರ ಹತ್ರ ಲೆಕ್ಸಿಂಗ್ಟನ್ನಲ್ಲಿ ಆಸ್ಪತ್ರೆ ಇರ್ಲಿಲ್ವಾ?" ಎಂದಳು ವೆಲ್ಡಾ.

"ದೂರ ಇಲ್ದಿದ್ರೆ ಕಥೇಲಿ ಹಂಬಲ ಹುಟ್ಟಲ್ಲಮ್ಮ."

"ಹಂಬಲ ನಿಮ್ಗೆ ಬೇಕು, ಕಾಲುನೋವು ನಂಗೆ. ಚೆನ್ನಾಗಿದೆ ಬಿಡಿ!"

3. ಹೊಸ ಡ್ರಾಫ್ಟ್, ಅವಳು ಹೇಳಿದ ಹಾಗೆ

ಹೊರಗಿನಿಂದ ಬಂದ ನರ್ಸನ್ನು ಎಲ್ಲಿ ಜನ ಕಡಿಮೆಯೋ ಅಲ್ಲಿಗೆ ಅಟ್ಟುತ್ತಾರೆ. ಒಂದು ದಿನ ಮೂಳೆ ವಾರ್ಡು, ಮರುದಿನ ಕಿಡ್ನಿ ವಾರ್ಡು. ಹೊದಿಕೆ ಎಲ್ಲಿಟ್ಟಿದ್ದಾರೋ ತಿಳಿಯದು, ಕಂಪ್ಯೂಟರು ಪಾಸ್‌ವರ್ಡ್ ಒಪ್ಪದು. ಊಟದ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಬೀನ್ಸು, ಮೆಕ್ಕೆಜೋಳದ ಕಾರ್ನ್‌ಬ್ರೆಡ್ ತಿನ್ನುವಾಗ ಊರು ನೆನಪಾಗುತ್ತದೆ. (ಇದನ್ನು ಸೂಚ್ಯವಾಗಿ ಹೇಳಬೇಕಿತ್ತು. ಹೇಳಿಯೇಬಿಟ್ಟೆ, ಏನೀಗ?)

ಇವತ್ತು ಕೊನೆಗೂ ಹೆರಿಗೆ ವಾರ್ಡು ಸಿಕ್ಕಿತು. ಹಾಸಿಗೆಯಲ್ಲಿ ಇಟ್ಸೆಲ್ ಎಂಬ ಹುಡುಗಿ, ಜೊತೆಗೆ ಯಾರೂ ಇಲ್ಲ. ವೆಲ್ಡಾ ಹೊದಿಕೆ ಸರಿಪಡಿಸುತ್ತ, ತನ್ನೂರಿನಲ್ಲಿ ಬಿಪಿ ನೋಡುವುದಕ್ಕೂ ಮೊದಲು ಕೇಳುವುದನ್ನೇ ಕೇಳಿದಳು.

"ಯಾರ ಪೈಕಿಯಮ್ಮಾ ನೀನು?"

ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ವಾರ್ಡಿನ ಮೇಲ್ವಿಚಾರಕಿ ಪೌಲೆಟ್ ವೆಲ್ಡಾಳನ್ನು ಹೊರಗೆ ಕರೆದಳು. "ಇಲ್ಲಿ ಹಂಗೆಲ್ಲಾ ಕೇಳ್ಬಾರ್ದು ವೆಲ್ಡಾ. ಸ್ಕ್ರೀನ್ ಮೇಲೆ ಏನಿದೆಯೋ ಅಷ್ಟು ಕೇಳು, ಸಾಕು. ಆ ಹುಡುಗೀನ ನಾನೇ ನೋಡ್ಕೋತೀನಿ."

ಹೆರಿಗೆ ಮಾಡಿಸಿ ಪಳಗಿದ ಹೆಂಗಸು ಮೂಲೆಯಲ್ಲಿ ನಿಂತು ಟವೆಲ್ ಮಡಚಿದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಕಥೆ ಇಲ್ಲೇ ನಿಲ್ಲಿಸೋಣವೆಂದುಕೊಂಡೆ, ಅಷ್ಟರಲ್ಲಿ ಇಟ್ಸೆಲ್‌ಳ ಕರೆಗಂಟೆ ಹೊಡೆಯಿತು. (ನಾನು ಹೊಡೆಸಿದ್ದಲ್ಲ, ಆಣೆ.)

"ಆ ಆಂಟೀನ ಕಳ್ಸಿ. ಅವ್ರು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಹೇಳಿಲ್ಲ."

ವೆಲ್ಡಾ ಹೋದಳು. "ನಾನು ಗಡಿಯಾಚೆ ಡುರಾಂಗೋದ ಒಫೇಲಿಯಾ ಮಗಳು," ಎಂದಳು ಇಟ್ಸೆಲ್. "ಅಮ್ಮಂಗೆ ವೀಸಾ ಕೊಡ್ಲಿಲ್ಲ. ಇಲ್ಲಿಗೆ ಬಂದ್ಮೇಲೆ ನಿನ್ನೋರು ಯಾರು ಅಂತ ಒಬ್ರೂ ಕೇಳಿರ್ಲಿಲ್ಲ ಆಂಟಿ." ನೋವು ಬಂತು. ವೆಲ್ಡಾಳ ಎರಡೂ ಕೈ ಗಟ್ಟಿಯಾಗಿ ಹಿಡಿದಳು. "ಬಿಡ್ಬೇಡಿ."

"ಬಿಡಲ್ಲ ಮಗಾ. ಒಫೇಲಿಯಾ ಮಗಳು ಅಂದ್ರೆ ಸುಮ್ನೆನಾ?"

ಆಗ ವೆಲ್ಡಾಳ ಜೇಬಿನಲ್ಲಿ ಫೋನು ನಡುಗತೊಡಗಿತು. ಬಗ್ಗಿ, ಜೇಬಿನಿಂದ ಇಣುಕುತ್ತಿದ್ದ ಪರದೆ ನೋಡಿದಳು. ಡ್ರೀಮಾ. ಕೆಲಸದ ಹೊತ್ತಿನಲ್ಲಿ ಅವಳು ಎಂದೂ ಫೋನು ಮಾಡಿದವಳಲ್ಲ, ಡಾಕ್ಟರು ಹೇಳಿದ ದಿನ ಇನ್ನೂ ಎಷ್ಟೋ ದೂರವಿದೆ.

4. ಮುಕ್ತಾಯಗಳು

ಅ) ವೆಲ್ಡಾ ಕೈ ಬಿಡಿಸಿಕೊಂಡು ಕಾರಿನತ್ತ ಓಡುತ್ತಾಳೆ. ರಾತ್ರಿಯ ಹೊತ್ತಿಗೆ ಊರು, ಮೊಮ್ಮಗು, ಕಣ್ಣೀರು.

"ಒಫೇಲಿಯಾ ಮಗಳ ಗತಿ?" ಎಂದಳು ವೆಲ್ಡಾ. ಹೊಡೆದು ಹಾಕಿದೆ.

ಆ) ಹೆರಿಗೆ ನೋವೂ ಇಲ್ಲ, ಏನೂ ಇಲ್ಲ. ಡ್ರೀಮಾ ಕಾರ್ನ್‌ಬ್ರೆಡ್ ಮಾಡುವುದು ಹೇಗೆಂದು ಕೇಳಲು ಫೋನು ಮಾಡಿದ್ದಾಳೆ.

"ನನ್ನ ಮಗಳಿಗೆ ಅಷ್ಟೂ ಬರಲ್ವಾ? ನಾಚಿಕೆ ಆಗ್ಬೇಕು ನಿಮ್ಗೆ."

ಇ) ಇಲ್ಲಿ ಮಗು ಹುಟ್ಟಿದ ಗಳಿಗೆಯಲ್ಲೇ ಅಲ್ಲಿಯೂ...

"ಸಾಕು ಸುಮ್ನಿರಿ!" ಫೋನು ನಿಂತು ಮತ್ತೆ ಹೊಡೆದುಕೊಳ್ಳತೊಡಗಿತು. ವೆಲ್ಡಾಳ ಕಣ್ಣು ತುಂಬಿತ್ತು, ಕೈ ಮಾತ್ರ ಅಲುಗಲಿಲ್ಲ. "ನನ್ ಕೈ ಖಾಲಿ ಇಲ್ಲ. ನನ್ನ ಮಗಳಿಂದ ಇಷ್ಟು ದೂರ ತಂದು ಇಟ್ಟೋರು ನೀವು. ನೀವೇ ಎತ್ತಿ."

ನಾನೇ? ನನಗೆ ಹೆರಿಗೆಯ ಗಂಧಗಾಳಿ ಗೊತ್ತಿಲ್ಲ. ನನಗೆ ಬೇಕಾಗಿದ್ದದ್ದು ಒಂದಿಷ್ಟು ಹಂಬಲ, ಅಷ್ಟೇ. ಆದರೂ ಅವಳ ಜೇಬಿಗೆ ಕೈ ಹಾಕಿ ಫೋನು ಎತ್ತಿ ಕಿವಿಗಿಟ್ಟುಕೊಂಡೆ.

"ಅಮ್ಮಾ?" ಎಂದಳು ಡ್ರೀಮಾ. "ಶುರುವಾಯ್ತು ಅನ್ಸುತ್ತೆ."