ಶಂಕರಿ ಕೂರಲೊಲ್ಲದ ಕುರ್ಚಿ

ನಾನು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಹುಬ್ಬಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕುದಿಯುವ ಪಾಕವಾಗಿ ಅಚ್ಚಿಗೆ ಇಳಿದೆ. ಹೊರಗೆ ಬರುವಷ್ಟರಲ್ಲಿ ಕೈ, ಕಾಲು, ಬೆನ್ನು ಎಲ್ಲವೂ ಮೂಡಿದ್ದವು. ನಮ್ಮ ಕುಲದಲ್ಲಿ ಬಾಲ್ಯ ಎಂಬುದೇ ಇಲ್ಲ. ಮೈ ಆರಿದ ಕೂಡಲೇ ನನ್ನ ಮಡಿಲಲ್ಲಿ ಒಬ್ಬ ತಮ್ಮನನ್ನು ಕೂರಿಸಿದರು, ಅವನ ಮಡಿಲಲ್ಲಿ ಇನ್ನೊಬ್ಬನನ್ನು. ಹಾಗೆಯೇ ಲಾರಿ ಹತ್ತಿದೆವು.

ನನ್ನ ಮೊದಲ ಯಜಮಾನ ಶಾಮಿಯಾನದ ಬಸವಂತಪ್ಪ. ಮದುವೆ, ಸೀಮಂತ, ಚುನಾವಣೆಯ ಭಾಷಣ, ಸಾವಿನ ಮನೆ, ಎಲ್ಲವನ್ನೂ ಅವನ ದೆಸೆಯಿಂದ ಕಂಡೆ. ಊಟಕ್ಕೆ ಮುಂಚೆ ಬೀಗರು ಎಷ್ಟು ಹಗುರ, ಊಟವಾದ ಮೇಲೆ ಎಷ್ಟು ಭಾರ ಎಂದು ನನ್ನನ್ನು ಕೇಳಿ. ಮೊಮ್ಮಗಳು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಹುಟ್ಟಿದ ಖುಷಿಗೆ ಬಸವಂತಪ್ಪ ನಮ್ಮಲ್ಲಿ ಕೆಲವರನ್ನು ಅಲ್ಲಿಗೆ ಕೊಟ್ಟುಬಿಟ್ಟ.

ಅಲ್ಲಿ ಬುಧವಾರಕ್ಕೊಮ್ಮೆ ಮನೋರೋಗದ ಡಾಕ್ಟರು ಮಧುಮತಿ ಬರುತ್ತಿದ್ದರು. ಅವರ ಕೋಣೆ ಇದ್ದದ್ದು ಮಹಡಿಯ ಮೇಲೆ, ಲಿಫ್ಟ್ ಇರಲಿಲ್ಲ. ನಡೆಯಲಾಗದವರನ್ನು ನನ್ನ ಮೇಲೆ ಕೂರಿಸಿ ನಾಲ್ವರು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ನೆಲ ಬಿಟ್ಟು ಮೇಲೇರುವ ಭಾಗ್ಯ ಎಷ್ಟು ಕುರ್ಚಿಗಳಿಗೆ ಉಂಟು? ನನಗಂತೂ ಬುಧವಾರವೇ ಹಬ್ಬ.

ಹೀಗಿರುವಾಗ ನೇಕಾರರ ಓಣಿಯ ಶಂಕರಿ ಬಂದಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಅವಳ ಎರಡೂ ಕಾಲುಗಳ ಶಕ್ತಿ ಹೋಗಿತ್ತು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಊರೆಲ್ಲ ಸುತ್ತುವವಳು, ಅಣ್ಣ ಅಶೋಕನ ಮಗ್ಗಕ್ಕೆ ನೂಲು ಸುತ್ತಿಕೊಡುವವಳು. ಅವ್ವ ತೀರಿಕೊಂಡ ಮೇಲೆ ಊಟ ಬಿಟ್ಟಿದ್ದಳು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ತಾನೂ ಸಾಯಬೇಕು ಎಂದು ಅತ್ತಿಗೆಯ ಮುಂದೆ ಅಂದಿದ್ದಳಂತೆ. ಹೆದರಿದ ಅಶೋಕ ಅವಳನ್ನು ಕರೆತಂದಿದ್ದ.

ನಾಲ್ವರು ನನ್ನನ್ನು ಎತ್ತಿದಾಗ ಅವಳ ಬೆರಳುಗಳು ನನ್ನ ಕೈಗಳನ್ನು ಗಟ್ಟಿಯಾಗಿ ಹಿಡಿದವು. ತಮ್ಮ ಪಾಳಿಗೆ ಕಾಯುತ್ತಿದ್ದ ರೋಗಿಗಳು ಎದ್ದು ನಿಂತು ನೋಡಿದರು, ಪಾಪ ಅಂದರು. ಮೇಲೆ ಡಾಕ್ಟರು ಕೇಳಿದ್ದು ಅವಳನ್ನು, ಉತ್ತರ ಕೊಟ್ಟದ್ದು ಅಶೋಕ.

"ಕಾಲಿನ ಚಿಂತಿ ಹಚ್ಕೊಂಡಾಳ್ರೀ ಡಾಕ್ಟರ್ರ."

"ಅವ್ರ ಹೇಳ್ಲಿ" ಎಂದರು ಡಾಕ್ಟರು. ಆದರೆ ಹೊತ್ತು ತಂದವರು ಮತ್ತೆ ಇಳಿಸಲೆಂದು ಬಾಗಿಲಲ್ಲೇ ಕಾಯುತ್ತಿದ್ದರು. ಶಂಕರಿ ಅವರತ್ತ ನೋಡಿ ಮುಖ ತಿರುಗಿಸಿದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು ಮುಂದಿನ ಬುಧವಾರ ತಪ್ಪದೆ ಬರಲು ಹೇಳಿದರು.

ಬಂದಳು, ಆದರೆ ಮೆಟ್ಟಿಲ ಬುಡದಲ್ಲಿ ಸೈಕಲ್ಲು ಬಿಟ್ಟು ಇಳಿಯಲಿಲ್ಲ.

"ನಾ ಆ ಕುರ್ಚಿ ಮ್ಯಾಲ ಕುಂಡ್ರಂಗಿಲ್ಲ."

"ಮತ್ತ ಮ್ಯಾಲ ಹೆಂಗ ಹೋಗ್ತಿ?" ಅಶೋಕ ಗದರಿದ.

"ಹೋಗಂಗಿಲ್ಲ. ಮನಿಗೆ ನಡಿ."

ನನಗೆ ಸಿಟ್ಟು ಬಂತು. ಬೀಗರನ್ನೇ ತಾಳಿಕೊಂಡವನು ನಾನು, ನನ್ನಲ್ಲೇನು ಕೊರತೆ? ಅಷ್ಟರಲ್ಲಿ ಸುದ್ದಿ ತಿಳಿದು ಡಾಕ್ಟರೇ ಇಳಿದು ಬಂದರು. ನನ್ನನ್ನು ಎತ್ತಿಕೊಂಡು ಹೋಗಿ ಆಸ್ಪತ್ರೆಯ ಹಿಂದಿನ ಹುಣಸೆ ಮರದ ಕೆಳಗೆ ಇಟ್ಟರು, ತಾವೇ ಕೂತರು. ಶಂಕರಿಯ ಸೈಕಲ್ಲು ಎದುರಿಗೆ ಬಂದು ನಿಂತಿತು. ಬೆನ್ನಿಗೇ ಬಂದ ಅಶೋಕನನ್ನು ಚಹಾ ಕುಡಿದು ಬರಲು ಕಳಿಸಿದರು.

"ಕುರ್ಚಿ ಯಾಕ ಬ್ಯಾಡ ಅಂದ್ರಿ ಶಂಕರಿ?"

ಅವಳು ನನ್ನ ಕಡೆ ನೋಡುತ್ತ ಬಾಯಿ ಬಿಟ್ಟಳು. "ನಮ್ಮವ್ವನ್ನ ಹಿಂಗ ಕುರ್ಚಿ ಮ್ಯಾಲ ಕುಂಡ್ರಿಸಿ ನಾಕ ಮಂದಿ ಹೊತ್ಕೊಂಡು ಒಯ್ದ್ರ್ರೀ."

ಹೌದು, ನಮ್ಮ ಕಡೆ ಅನೇಕರು ಸತ್ತವರನ್ನು ಕೂರಿಸಿಯೇ ಮಣ್ಣಿಗೆ ಒಯ್ಯುತ್ತಾರೆ. ಸಾವಿನ ಮನೆಗಳಲ್ಲಿ ನಾನೇ ಎಷ್ಟೋ ಸಲ ಕಂಡಿದ್ದೇನೆ.

"ಎಲ್ಲಾರೂ ಹೋದ್ರು. ಆ ಹೊಲದ ದಾರ್ಯಾಗ ನನ್ನ ಸೈಕಲ್ ಹೋಗಂಗಿಲ್ಲ. ನಿನ್ನ ಯಾರ ಹೊರಬೇಕಂತ ನನ್ನ ಮನ್ಯಾಗ ಬಿಟ್ಟ ಹೋದ್ರು. ಅವ್ವಗ ಒಂದ ಹಿಡಿ ಮಣ್ಣ ಹಾಕಲಿಲ್ಲ ನಾ. ಈ ಕಾಲಿನ ಸಲುವಾಗಿ ನಾ ಯಾವತ್ತೂ ಅತ್ತಾಕಿ ಅಲ್ರೀ. ಇಲ್ಲಿಗೆ ಬರಾಕ ನಾಕ ಮಂದಿ ಸಿಕ್ರು. ಅವತ್ತ ಒಬ್ರೂ ಸಿಗಲಿಲ್ಲ."

ಆಮೇಲೆ ಅವಳು ಅತ್ತಳು. ಡಾಕ್ಟರು ಅವಸರ ಮಾಡಲಿಲ್ಲ, ಮುಂದಕ್ಕೆ ಬಾಗಿ ಅವಳ ಕೈ ಹಿಡಿದು ಕೂತರು. ಕಣ್ಣೀರಿದ್ದರೆ ನಾನೂ ಅತ್ತುಬಿಡುತ್ತಿದ್ದೆ.

ಅಂದಿನಿಂದ ಬುಧವಾರದ ಮಾತು ಮರದ ಕೆಳಗೇ ನಡೆಯಿತು. ಮಾತ್ರೆಯೂ ನಡೆದಿತ್ತು. ನಿಧಾನವಾಗಿ ನಿದ್ದೆ ಬಂತು, ಹಸಿವು ಬಂತು. ಒಂದು ದಿನ ಶಂಕರಿ ತಾನಾಗಿ ಅಣ್ಣನನ್ನು ಕರೆಸಿ ಎಲ್ಲವನ್ನೂ ಅವನ ಮುಖ ನೋಡಿಯೇ ಹೇಳಿದಳು. ಅಶೋಕ ತಲೆ ತಗ್ಗಿಸಿ ನಿಂತ.

"ನನಗ ಹೊಳೀಲೇ ಇಲ್ಲ ತಂಗಿ" ಎಂದ.

ಮರುವಾರ ಅವಳ ಮುಖವೇ ಬೇರೆಯಾಗಿತ್ತು. "ಅಣ್ಣ ಬೆನ್ನ ಮ್ಯಾಲ ಹೊತ್ಕೊಂಡು ಅವ್ವನ ಸಮಾಧಿಗೆ ಕರ್ಕೊಂಡು ಹೋಗಿದ್ದ್ರೀ. ಎರಡೂ ಕೈಲೆ, ಬೊಗಸಿ ತುಂಬ ಮಣ್ಣ ಹಾಕಿ ಬಂದೆ ನೋಡ್ರಿ."

"ಹೊತ್ಕೊಂಡ ಹೋಗಿದ್ದಕ್ಕ ಬ್ಯಾಸರ ಆಗಲಿಲ್ಲೇನು?"

"ಇಲ್ರೀ. ಹೊರು ಅಂತ ನಾನ ಹೇಳಿದ್ದೆ."

ಈಗ ನನಗೆ ವಯಸ್ಸಾಗಿದೆ. ಬಣ್ಣ ಮಾಸಿದೆ, ಹಿಂಗಾಲು ಸೀಳಿದೆ. ಡಾಕ್ಟರು ಹಟ ಹಿಡಿದು ಕೋಣೆಯನ್ನು ನೆಲಮಹಡಿಗೆ ಇಳಿಸಿಕೊಂಡಿದ್ದಾರೆ. ಆ ಕೋಣೆಯ ಮೂಲೆಯಲ್ಲಿ ನಾನಿದ್ದೇನೆ. ಅವರ ಮೇಜಿನ ಎದುರು ಒಂದು ಕಡೆ ಯಾವ ಕುರ್ಚಿಯನ್ನೂ ಹಾಕಗೊಡುವುದಿಲ್ಲ. ಸೈಕಲ್ಲಿನಲ್ಲಿ ಬರುವವರು ಸೀದಾ ಒಳಗೆ ಬಂದು ಅಲ್ಲಿ ನಿಲ್ಲುತ್ತಾರೆ, ಬಾಗಿಲು ಮುಚ್ಚಿಕೊಂಡು ಮಾತಾಡುತ್ತಾರೆ. ಕುರ್ಚಿಯಾಗಿ ಹುಟ್ಟಿಯೂ ಹೇಳುತ್ತೇನೆ, ಈ ಕೋಣೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಖಾಲಿ ಜಾಗ.